ಕ್ಯಾಲ್ಕುಲೇಟರಿನೊಳಗೆ ಸಿಕ್ಕಿಬಿದ್ದ ಭರ್ತಿ

ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಎರಡು ಹಗಲು, ಎರಡು ರಾತ್ರಿ ನಾವು ಕಾಳಿ ನದಿಯ ದಂಡೆಯಲ್ಲಿ ಕೂತಿದ್ದೆವು. ಕಾರವಾರದ ಕೋಡಿಬಾಗದ ಕಡೆ, ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಈಚೆ. ನನ್ನ ಹತ್ತನೇ ತರಗತಿಯ ನಾಲ್ಕು ಹುಡುಗರು, ಅವರಲ್ಲಿ ಒಬ್ಬನ ಅಪ್ಪ, ನಾನು. ಆ ಅಪ್ಪನದು ಮೀನುಗಾರಿಕೆ. ಅವರ ಮನೆ ಹಿತ್ತಿಲು ಮುಗಿಯುವಲ್ಲೇ ನೀರು. ನೀರಿಗಿಳಿಯುವ ಚಿರೆಕಲ್ಲಿನ ಮೆಟ್ಟಿಲಿಗೆ ಒಂದು ಬಿದಿರಿನ ಕೋಲು ಕಟ್ಟಿ, ಅದರ ಮೇಲೆ ಪೇಂಟಿನಲ್ಲಿ ಸೆಂಟಿಮೀಟರ್ ಗೆರೆ ಎಳೆದಿದ್ದೆವು. ಅರ್ಧ ಗಂಟೆಗೊಮ್ಮೆ ಹೋಗಿ ನೀರು ಯಾವ ಗೆರೆಗಿದೆ ಅಂತ ನೋಡುವುದು. ರಾತ್ರಿಯಾದರೆ ಟಾರ್ಚ್ ಬಿಟ್ಟು ನೋಡುವುದು. 48 ಗಂಟೆಗೆ 97 ಅಳತೆ. ಹುಡುಗನ ಅಮ್ಮ ಮಧ್ಯೆ ಮಧ್ಯೆ ಬನ್ಸು, ಚಹಾ ಕಳಿಸುತ್ತಿದ್ದರು. ಅದಿಲ್ಲದಿದ್ದರೆ ಯಾರೂ ಎರಡನೇ ರಾತ್ರಿ ಬರುತ್ತಿರಲಿಲ್ಲ, ನಾನೂ ಸೇರಿ.

ಸಮುದ್ರದ ಉಬ್ಬರವಿಳಿತ ಸೈನ್ ಅಲೆಯ ಹಾಗೆ ಇರುತ್ತದೆ ಎಂದು ನಾನು ಪಾಠದಲ್ಲಿ ಹೇಳಿದ್ದೆ. ಒಬ್ಬ ಹುಡುಗ ಎದ್ದು, 'ನಮ್ಮನೆ ಹಿಂದೆ ಇದೆಯಲ್ಲ ಸರ್, ಅಳೆದು ನೋಡೋಣ' ಅಂದ. ಹಾಗೆ ಶುರುವಾದದ್ದು. ನಮ್ಮ ಕಡೆ ಮೀನುಗಾರರು ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಅನ್ನುತ್ತಾರೆ. ಹುಡುಗರೂ ಅದೇ ಮಾತು ಆಡುತ್ತಾರೆ, ಹಾಗಾಗಿ ನಾನೂ ಅದನ್ನೇ ಬಳಸುತ್ತೇನೆ.

ಅಳತೆ ಎರಡು ಕಡೆ ಬರೆಯುತ್ತಿದ್ದೆವು. ಒಂದು ನೋಟ್‌ಬುಕ್, ಇನ್ನೊಂದು ಕ್ಯಾಲ್ಕುಲೇಟರ್. ಎರಡನೇ ರಾತ್ರಿ ನೋಟ್‌ಬುಕ್ ನದಿಗೆ ಬಿತ್ತು. ಯಾರ ಕೈಯಿಂದ ಬಿತ್ತು ಎಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಉಳಿದದ್ದು ಕ್ಯಾಲ್ಕುಲೇಟರ್ ಮಾತ್ರ. ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ಕೊನೆಯ ಅಳತೆ ಹಾಕಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಗ್ರಾಫ್ ಬಿಡಿಸಿದೆ. ಸ್ಕ್ರೀನಿನ ತಳದಲ್ಲಿ ಒಂದು ಚಪ್ಪಟೆ ಅಲೆ ಬಂತು. ಹತ್ತು ಚುಕ್ಕಿ ಎತ್ತರ ಕೂಡ ಇರಲಿಲ್ಲವೇನೋ. ಮೇಲೆಲ್ಲ ಖಾಲಿ.

'ಸರ್, ಸಮುದ್ರ ಮಲಗ್ಬಿಟ್ಟಿದೆ' ಅಂದ ಒಬ್ಬ.

ಎರಡು ರಾತ್ರಿ ನಿದ್ದೆಗೆಟ್ಟವನಿಗೆ ಆ ಮಾತು ಎಷ್ಟು ಚುಚ್ಚಬೇಕೋ ಅಷ್ಟು ಚುಚ್ಚಿತು. ನಮ್ಮ ಕೋಲಿನಲ್ಲಿ ನೀರು ಒಂದೂವರೆ ಮೀಟರಿಗೂ ಜಾಸ್ತಿ ಏರಿ ಇಳಿದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೆವು. ನಾನು ಯಾವುದೋ ಸೆಟ್ಟಿಂಗ್ ತಪ್ಪಿಸಿದ್ದೇನೆ ಅಂದುಕೊಂಡೆ. ಇದನ್ನು ಲ್ಯಾಪ್‌ಟಾಪಿಗೆ ಹಾಕಿ, ದೊಡ್ಡ ಪರದೆಯಲ್ಲಿ ಸೋಮವಾರ ತೋರಿಸುತ್ತೇನೆ ಎಂದು ಘೋಷಿಸಿಬಿಟ್ಟೆ. ಹಾಗೆ ಹೇಳುವಾಗ ನನ್ನ ಬಳಿ ಕೇಬಲ್ ಇರಲಿಲ್ಲ, ಸಾಫ್ಟ್‌ವೇರ್ ಇರಲಿಲ್ಲ.

ಕ್ಯಾಲ್ಕುಲೇಟರ್ ಬಗ್ಗೆ ಸ್ವಲ್ಪ ಹೇಳಬೇಕು. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ನಮ್ಮಲ್ಲಿ ಅಪರೂಪ. ಇಂಜಿನಿಯರಿಂಗ್ ಸೇರಿದ ಹುಡುಗರ ಕೈಯಲ್ಲಿ ಕ್ಯಾಸಿಯೊ ಎಫ್‌ಎಕ್ಸ್-991 ಇರುತ್ತದೆ, ಅಷ್ಟೇ. ಇದು ಅಮೆರಿಕದಿಂದ ಬಂದದ್ದು. ಅಕ್ಕನ ಮಗಳು ಅಲ್ಲಿ ಹೈಸ್ಕೂಲು ಓದುವಾಗ ಬಳಸಿದ್ದು, ಅವಳಿಗೂ ಅದು ಇನ್ಯಾರದೋ ಕೈದಾಟಿ ಬಂದದ್ದು. ಹೋದ ಬೇಸಿಗೆಯಲ್ಲಿ ಶಿರಸಿ ಮನೆಗೆ ಬಂದಾಗ ನನ್ನ ಕೈಗೆ ಕೊಟ್ಟಳು. ಟಿಐ-84 ಪ್ಲಸ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2004ರಲ್ಲಿ ಹೊರತಂದ ಮಾದರಿ. ಒಳಗಿರುವುದು ಝಡ್80 ಎಂಬ ಪ್ರೊಸೆಸರ್. ಅದು ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ನನಗಿಂತ ಒಂದು ವರ್ಷ ದೊಡ್ಡದು. ಸ್ಕ್ರೀನು ಅಡ್ಡಕ್ಕೆ 96 ಚುಕ್ಕಿ, ಎತ್ತರಕ್ಕೆ 64. ನಮ್ಮ ಲೆಕ್ಕ, ಪ್ರೋಗ್ರಾಂ ಎಲ್ಲ ಇಟ್ಟುಕೊಳ್ಳಲು ರ‍್ಯಾಮ್ 24 ಕಿಲೋಬೈಟ್. ಈಗಿನ ಫೋನಿನಲ್ಲಿ ಒಂದು ಸ್ಟಿಕ್ಕರ್ ಇದಕ್ಕಿಂತ ದೊಡ್ಡದಿರುತ್ತದೆ.

ಕೊಡುವಾಗ ಅವಳು ಒಂದು ಮಾತು ಹೇಳಿದ್ದಳು. 'ಮಾವಾ, ಅದ್ರಲ್ಲಿ ನಾನು ಬರೆದಿದ್ದ ಹಾವಿನ ಆಟ ಇದ್ದು. ಯಾವಾಗಾದ್ರೂ ಕಂಪ್ಯೂಟರಿಗೆ ಹಾಕಿ ಕಳಿಸ್ತ್ಯಾ?' ಒಂಬತ್ತನೇ ಕ್ಲಾಸಿನಲ್ಲಿ, ಇತಿಹಾಸದ ಪಾಠ ನಡೆಯುವಾಗ ಮೇಜಿನ ಕೆಳಗಿಟ್ಟುಕೊಂಡು ಬರೆದ ಪ್ರೋಗ್ರಾಮಂತೆ. ಆಯ್ತು ಕೂಸೇ ಅಂದಿದ್ದೆ. ಆಮೇಲೆ ಮರೆತಿದ್ದೆ.

ಇನ್ನು ನನ್ನ ಲ್ಯಾಪ್‌ಟಾಪ್. ಮೊದಲು ಅದರಲ್ಲಿ ವಿಂಡೋಸ್ 7 ಇತ್ತು. 2020ರ ಜನವರಿಗೆ ಅದರ ಅಪ್‌ಡೇಟ್ ನಿಂತಿತು. ಹೊಸ ವಿಂಡೋಸ್ ಹಾಕಿದರೆ 2 ಜಿಬಿ ರ‍್ಯಾಮಿನಲ್ಲಿ ಎತ್ತಿನಗಾಡಿ. ಹಾಗಾಗಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಮಾರ್ಕ್ಸ್ ಕೂಡುವುದು, ಯಕ್ಷಗಾನ ನೋಡುವುದು, ಎಲ್ಲ ಆರಾಮ ನಡೆಯುತ್ತದೆ. ಆದರೆ ಈ ಕ್ಯಾಲ್ಕುಲೇಟರಿನ ಜೊತೆ ಮಾತಾಡುವ ಟಿಐ ಕನೆಕ್ಟ್ ಎಂಬ ಸಾಫ್ಟ್‌ವೇರ್ ಇರುವುದು ವಿಂಡೋಸಿಗೆ ಮತ್ತು ಮ್ಯಾಕಿಗೆ. ಲಿನಕ್ಸಿನ ಹೆಸರೇ ಆ ಪಟ್ಟಿಯಲ್ಲಿಲ್ಲ.

ಮನೆಯಲ್ಲಿ ಈ ಕಷ್ಟ ಹೇಳಿಕೊಂಡೆ. ಹೆಂಡತಿ ಅವಲಕ್ಕಿಗೆ ಕಾಯಿ ತುರಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, 'ತೊಂಬತ್ತೇಳು ನಂಬರ್ ತಾನೆ? ನೋಡಿ ಬರ್ಕಂಡ್ರೆ ಅರ್ಧ ತಾಸಿನ ಕೆಲಸ ಅಲ್ದಾ?'

ಅಲ್ಲ ಅನ್ನಲು ನನ್ನ ಬಳಿ ಕಾರಣ ಇರಲಿಲ್ಲ. ಹಾವಿನ ಆಟದ ನೆಪ ಹೇಳಿದೆ. ಅದು ನೆಪ ಎಂದು ಅವಳಿಗೂ ಗೊತ್ತು.

ಮೊದಲು ವೈನ್ ನೋಡಿದೆ. ಲಿನಕ್ಸಿನೊಳಗೆ ವಿಂಡೋಸ್ ಪ್ರೋಗ್ರಾಂ ಓಡಿಸುವ ಸಾಧನ ಅದು. ಒಂದು ಸಂಜೆ ಅದಕ್ಕೇ ಹೋಯಿತು. ಪ್ರೋಗ್ರಾಂ ಬೇರೆ, ಡ್ರೈವರ್ ಬೇರೆ ಎಂಬುದು ನನ್ನ ತಲೆಗೆ ಹೋಗಲು ಅಷ್ಟು ಹೊತ್ತು ಬೇಕಾಯಿತು. ವೈನ್ ಸಾಮಾನ್ಯ ಪ್ರೋಗ್ರಾಮನ್ನು ಓಡಿಸಬಲ್ಲದು, ಆದರೆ ಯುಎಸ್‌ಬಿ ತೂತಿಗೆ ಕೈಹಾಕುವ ವಿಂಡೋಸ್ ಡ್ರೈವರಿಗೆ ಅಲ್ಲಿ ಕೆಲಸವಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ, ಪಾಸ್‌ವರ್ಡ್ ಇದ್ದವರು ರಜೆಯಲ್ಲಿದ್ದರು. ಆ ದಾರಿ ಅಲ್ಲಿಗೆ ಬಿಟ್ಟೆ.

ಆಮೇಲೆ ಟಿಲ್‌ಪಿ ಸಿಕ್ಕಿತು. ಇದು ಕಂಪನಿಯದಲ್ಲ, ರೊಮೆನ್ ಲಿಯೆವಿನ್ ಎಂಬುವರು ಶುರುಮಾಡಿ, ಆಮೇಲೆ ಇನ್ನಷ್ಟು ಜನ ಸೇರಿ ಬೆಳೆಸಿದ ಉಚಿತ ಸಾಫ್ಟ್‌ವೇರ್. ಟಿಐ ಕ್ಯಾಲ್ಕುಲೇಟರುಗಳು ಕೇಬಲ್ ಮೇಲೆ ಹೇಗೆ ಮಾತಾಡುತ್ತವೆ ಎಂದು ಹವ್ಯಾಸಿಗಳು ತಾವೇ ಕೆದಕಿ ಕಂಡುಕೊಂಡು ಬರೆದದ್ದು. ಮಿಂಟ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲೇ ಇತ್ತು. ಎರಡು ನಿಮಿಷದಲ್ಲಿ ಇನ್‌ಸ್ಟಾಲ್ ಆಯಿತು. ಇಷ್ಟು ಸುಲಭವಾ ಅಂದುಕೊಂಡೆ.

ಕೇಬಲ್ ಕಥೆ ಈಗ.

ಈ ಕ್ಯಾಲ್ಕುಲೇಟರಿನ ತಲೆಯ ಮೇಲೆ ಎರಡು ತೂತು ಇವೆ. ಒಂದು ದುಂಡಗಿನದು, 2.5 ಮಿಲಿಮೀಟರಿನ ಜ್ಯಾಕ್. ಅದು ಒಂದು ಕ್ಯಾಲ್ಕುಲೇಟರಿನಿಂದ ಇನ್ನೊಂದಕ್ಕೆ ಕೊಡುವುದಕ್ಕೆ. ಇನ್ನೊಂದು ಮಿನಿ ಯುಎಸ್‌ಬಿ. ಮೈಕ್ರೊ ಅಲ್ಲ, ಟೈಪ್-ಸಿ ಅಲ್ಲ, ಅದಕ್ಕೂ ಹಿಂದಿನದು, ಹಳೆಯ ಕ್ಯಾಮೆರಾಗಳಲ್ಲಿ ಇರುತ್ತಿತ್ತಲ್ಲ, ದಪ್ಪಗಿನದು, ಅದು. ಪೇಟೆಯಲ್ಲಿ ನಾಲ್ಕು ಮೊಬೈಲ್ ಅಂಗಡಿ ಸುತ್ತಿದೆ. ಮೂರು ಕಡೆ ಹುಡುಗರು ಅದನ್ನು ನೋಡಿಯೇ ಇರಲಿಲ್ಲ. ನಾಲ್ಕನೆಯವನು ಡ್ರಾಯರಿನ ತಳದಿಂದ ಒಂದು ಕಪ್ಪು ಕೇಬಲ್ ತೆಗೆದು, ಧೂಳು ಒರೆಸಿ, ನೂರು ರೂಪಾಯಿಗೆ ಕೊಟ್ಟ.

ಮನೆಗೆ ಬಂದು ಚುಚ್ಚಿದೆ. ಟಿಲ್‌ಪಿ ತೆರೆದೆ. 'ಕ್ಯಾಲ್ಕುಲೇಟರ್ ಇಲ್ಲ' ಅಂತು. ಕೇಬಲ್ ಬಗೆ ಬದಲಿಸಿ ನೋಡಿದೆ, ಕ್ಯಾಲ್ಕುಲೇಟರ್ ಮಾದರಿ ಬದಲಿಸಿ ನೋಡಿದೆ. ಇಲ್ಲ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಇಲ್ಲ. ಟಿಲ್‌ಪಿ ತೆಗೆದುಹಾಕಿ ಮತ್ತೆ ಹಾಕಿದೆ. ಎರಡು ರಾತ್ರಿ ಹೀಗೇ ಹೋಯಿತು. ಆಪರೇಟಿಂಗ್ ಸಿಸ್ಟಮ್ಮೇ ಹೊಂದುವುದಿಲ್ಲ ಎಂದು ಮನಸ್ಸಿನಲ್ಲಿ ಮೊದಲೇ ಕೂತುಬಿಟ್ಟಿತ್ತಲ್ಲ, ಹಾಗಾಗಿ ಬೇರೆ ಕಡೆ ನೋಡಲೇ ಇಲ್ಲ.

ಮೂರನೇ ರಾತ್ರಿ ಅಕ್ಕನ ಮಗಳಿಗೆ ಮೆಸೇಜ್ ಹಾಕಿದೆ. ಅವಳಿಗೆ ಆಗ ಬೆಳಿಗ್ಗೆ. 'ಮಾವಾ, ಮೊದ್ಲು ಲಿನಕ್ಸಿಗೆ ಏನಾದ್ರೂ ಚುಚ್ಚಿದ್ದು ಗೊತ್ತಾಗ್ತಾ ನೋಡು' ಅಂದಳು. ಟರ್ಮಿನಲ್ ತೆರೆದು ಡಿಮೆಸೆಜ್ ಎಂಬ ಕಮಾಂಡ್ ಓಡಿಸಿಟ್ಟುಕೋ, ಲಿನಕ್ಸಿನ ತಿರುಳಾದ ಕರ್ನಲ್ ತನಗೆ ಕಂಡದ್ದನ್ನೆಲ್ಲ ಅಲ್ಲಿ ಗೊಣಗುತ್ತಿರುತ್ತದೆ. ಈಗ ಕೇಬಲ್ ಚುಚ್ಚು. ಚುಚ್ಚಿದೆ. ಒಂದು ಸಾಲೂ ಬರಲಿಲ್ಲ. ಪೆನ್‌ಡ್ರೈವ್ ಚುಚ್ಚಿದೆ, ಎಂಟು ಹತ್ತು ಸಾಲು ಸರಸರ ಬಂತು. ಮತ್ತೆ ಕ್ಯಾಲ್ಕುಲೇಟರ್. ಮೌನ.

ಅಂದರೆ ಲಿನಕ್ಸ್ ಬೇಡ ಅಂದಿರಲಿಲ್ಲ. ಅದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಅದೇ ಕೇಬಲನ್ನು ಹಳೆಯ ಡಿಜಿಟಲ್ ಕ್ಯಾಮೆರಾಗೆ ಹಾಕಿ ನೋಡಿದೆ. ಅಲ್ಲೂ ಮೌನ. ಸಿಟ್ಟು ಬಂತು. ಅಡುಗೆಮನೆಯ ಕತ್ತರಿ ತಂದು ಕೇಬಲನ್ನು ಮಧ್ಯಕ್ಕೆ ಕತ್ತರಿಸಿದೆ. ಮೇಲಿನ ಕಪ್ಪು ಪ್ಲಾಸ್ಟಿಕ್ ಸುಲಿದರೆ ಒಳಗೆ ಎರಡೇ ಎಳೆ. ಒಂದು ಕೆಂಪು, ಒಂದು ಕಪ್ಪು. ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ಎಳೆ ಇರಬೇಕು. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಮಾತಿಗೆ. ಇದು ಬರೀ ಚಾರ್ಜ್ ಮಾಡುವ ಕೇಬಲ್. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ತಮಾಷೆ ಏನೆಂದರೆ ಈ ಕ್ಯಾಲ್ಕುಲೇಟರ್ ಯುಎಸ್‌ಬಿಯಿಂದ ಚಾರ್ಜೇ ಆಗುವುದಿಲ್ಲ, ನಾಲ್ಕು ತ್ರಿಬಲ್-ಎ ಸೆಲ್ ಹಾಕಬೇಕು. ಅದಕ್ಕೆ ಬೇಡವಾದ ಎರಡು ಎಳೆ ಮಾತ್ರ ನಾನು ನೂರು ರೂಪಾಯಿ ಕೊಟ್ಟು ತಂದಿದ್ದೆ.

ಸರಿಯಾದ ಕೇಬಲ್ ಮನೆಯಲ್ಲೇ ಇತ್ತು. ಅದೇ ಹಳೆಯ ಕ್ಯಾಮೆರಾದ ಚೀಲದಲ್ಲಿ, ಕ್ಯಾಮೆರಾದ ಜೊತೆಗೇ ಬಂದದ್ದು. ಹೆಂಡತಿ ತೆಗೆದುಕೊಟ್ಟಳು. ಏನೂ ಹೇಳಲಿಲ್ಲ, ಅದೇ ದೊಡ್ಡದು.

ಅದನ್ನು ಚುಚ್ಚಿದ ತಕ್ಷಣ ಟರ್ಮಿನಲ್ಲಿನಲ್ಲಿ ಸಾಲುಗಳು ಬಂದವು. 'ಹೊಸ ಫುಲ್-ಸ್ಪೀಡ್ ಯುಎಸ್‌ಬಿ ಸಾಧನ' ಅಂತ. ಫುಲ್ ಸ್ಪೀಡ್ ಎಂದರೆ ಯುಎಸ್‌ಬಿಯ ಲೆಕ್ಕದಲ್ಲಿ ಸೆಕೆಂಡಿಗೆ 12 ಮೆಗಾಬಿಟ್. ಆ ಹೆಸರು ಇಟ್ಟ ಕಾಲಕ್ಕೆ ಅದು ಫುಲ್ಲೇ ಇತ್ತು. ಸಾಧನದ ಪಟ್ಟಿ ಕೇಳಿದರೆ 0451:ಇ003 ಎಂದು ಬಂತು. 0451 ಅಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಇ003 ಅಂದರೆ ಟಿಐ-84 ಪ್ಲಸ್. ಹೆಸರು ಹಿಡಿದು ಕರೆಯುತ್ತಿದೆ! ಲಿನಕ್ಸಿಗೆ ಗೊತ್ತಿಲ್ಲದ ಸಾಧನ ಅಂತ ನಾನು ಮೂರು ದಿನದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಟಿಲ್‌ಪಿ ತೆರೆದೆ. ಈ ಸಲ ತಕರಾರು ಬದಲಾಗಿತ್ತು. ಸಾಧನ ಇದೆ, ಆದರೆ ತೆರೆಯಲು ಅನುಮತಿ ಇಲ್ಲ. ಬೇರೆ ತಕರಾರು ಬಂದರೆ ಒಂದು ಮೆಟ್ಟಿಲು ಹತ್ತಿದ ಲೆಕ್ಕ, ಅಲ್ವಾ?

ಇದರ ಕಾರಣ ಹೀಗೆ. ಲಿನಕ್ಸಿನಲ್ಲಿ ಚುಚ್ಚಿದ ಪ್ರತಿಯೊಂದು ಯುಎಸ್‌ಬಿ ಸಾಧನಕ್ಕೂ ಒಂದು ಫೈಲ್ ಹುಟ್ಟುತ್ತದೆ. ಅದರ ಒಡೆಯ ರೂಟ್, ಅಂದರೆ ಸಿಸ್ಟಮ್ಮಿನ ಯಜಮಾನ ಖಾತೆ. ನಮ್ಮಂಥ ಸಾಮಾನ್ಯ ಬಳಕೆದಾರರು ಇಣುಕಿ ನೋಡಬಹುದು, ಬರೆಯುವ ಹಾಗಿಲ್ಲ. ಪೆನ್‌ಡ್ರೈವ್, ಮೌಸ್ ಇಂಥವಕ್ಕೆ ಸಿಸ್ಟಮ್ಮೇ ನಡುವೆ ನಿಂತು ವ್ಯವಹಾರ ಮುಗಿಸುತ್ತದೆ. ಕ್ಯಾಲ್ಕುಲೇಟರ್ ಪೆನ್‌ಡ್ರೈವಿನ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅದರ ಭಾಷೆ ಗೊತ್ತಿರುವುದು ಟಿಲ್‌ಪಿಗೆ. ಟಿಲ್‌ಪಿಯನ್ನು ತೆರೆದವನು ನಾನು, ನನಗೆ ಬೀಗದ ಕೈ ಇಲ್ಲ.

ಸುಡೊ ಹಾಕಿ, ರೂಟ್ ಆಗಿ ತೆರೆದರೆ ಕೆಲಸ ಆಗುತ್ತದೆ. ಮಾಡಿ ನೋಡಿದೆ, ಆಯಿತು. ಆದರೆ ಪ್ರತಿ ಸಲ ಪೊಲೀಸರನ್ನು ಕರೆತಂದು ನಮ್ಮದೇ ಬಾಗಿಲು ತೆಗೆಸುವುದು ಸರಿಯಲ್ಲ. ಅದಕ್ಕೆ ಯುಡೆವ್ ನಿಯಮ ಬರೆಯಬೇಕು. ಚುಚ್ಚಿದ ಸಾಧನಗಳನ್ನು ನೋಡಿಕೊಳ್ಳುವ ಲಿನಕ್ಸಿನ ಭಾಗ ಯುಡೆವ್. ಇಂಥ ಕಂಪನಿ ನಂಬರಿನ ಸಾಧನ ಬಂದರೆ ಎದುರು ಕೂತವನಿಗೆ ಕೊಡು ಎಂದು ಒಂದೇ ಸಾಲು. 0451 ನಂಬರ್ ಹಾಕಿ, 'ಯುಆಕ್ಸೆಸ್' ಎಂಬ ಟ್ಯಾಗ್ ಹಾಕಿ, ಫೈಲಿಗೆ 99ರಿಂದ ಶುರುವಾಗುವ ಹೆಸರಿಟ್ಟು ಸೇವ್ ಮಾಡಿದೆ. ಕೊನೆಗೆ ಇರಲಿ, ಯಾರಿಗೂ ಅಡ್ಡ ಬರುವುದು ಬೇಡ ಎಂಬ ಸಂಕೋಚದಿಂದ 99. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಅನುಮತಿ ಇಲ್ಲ.

ಇದಕ್ಕೆ ಇನ್ನೊಂದು ರಾತ್ರಿ ಹೋಯಿತು. ಸಾಲನ್ನು ಅಕ್ಷರ ಅಕ್ಷರ ತಿದ್ದಿದೆ, ಎಲ್ಲಾದರೂ ಉದ್ಧರಣ ಚಿಹ್ನೆ ಬಿಟ್ಟಿದೆಯಾ ಎಂದು ಹುಡುಕಿದೆ. ತಪ್ಪು ಸಾಲಿನಲ್ಲಿ ಇರಲೇ ಇಲ್ಲ, ಹೆಸರಿನಲ್ಲಿತ್ತು. ಯುಡೆವ್ ಈ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ. ಟ್ಯಾಗ್ ಯಾರಿಗಿದೆ ಎಂದು ನೋಡಿ ಅನುಮತಿ ಕೊಡುವ ಕೆಲಸ 73 ನಂಬರಿನ ಫೈಲಿನಲ್ಲೇ ಮುಗಿದುಹೋಗುತ್ತದೆ. ನಾನು 99ರಲ್ಲಿ ಟ್ಯಾಗ್ ಕಟ್ಟುತ್ತಿದ್ದೆ. ಬಸ್ಸು ಅಂಕೋಲೆ ದಾಟಿದ ಮೇಲೆ ಕಾರವಾರ ಸ್ಟ್ಯಾಂಡಿನಲ್ಲಿ ಕೈ ಅಡ್ಡ ಹಿಡಿದ ಹಾಗೆ. 99 ಅಳಿಸಿ 60 ಮಾಡಿದೆ. ನಿಯಮಗಳನ್ನು ಮತ್ತೆ ಓದು ಎಂದು ಯುಡೆವ್‌ಗೆ ಹೇಳಿ, ಕೇಬಲ್ ಕಿತ್ತು ಚುಚ್ಚಿದೆ.

ಟಿಲ್‌ಪಿಯಲ್ಲಿ ಪಟ್ಟಿ ತೆರೆದುಕೊಂಡಿತು. ಎಲ್1, ಎಲ್2 ನಮ್ಮ ಅಳತೆಯ ಲಿಸ್ಟುಗಳು. ಕೆಳಗೆ ಪ್ರೋಗ್ರಾಮುಗಳು. ಒಂದು 'ಸ್ನೇಕ್', ಒಂದು 'ಕ್ವಾಡ್', ಇನ್ನೊಂದು ಬರೀ ಒಂದಕ್ಷರದ 'ಝಡ್'. ರಾತ್ರಿ ಹನ್ನೊಂದೂವರೆ. ಮನೆಯವರನ್ನೆಲ್ಲ ಎಬ್ಬಿಸಬೇಕು ಅನಿಸಿತು. ಎಬ್ಬಿಸಲಿಲ್ಲ.

ಅಷ್ಟರಲ್ಲಿ ಕ್ಯಾಲ್ಕುಲೇಟರಿನ ಸ್ಕ್ರೀನ್ ಮಸುಕಾಯಿತು. ಬ್ಯಾಟರಿ ಕಡಿಮೆಯಾಗಿದೆ, ಬದಲಿಸಿ ಎಂಬ ಸೂಚನೆ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಂದು ಸೆಲ್ಲಿನ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು, ಉಪ್ಪು ಅರಳಿದ ಹಾಗೆ. ಸೆಲ್ ಸೋರಿದೆ. ಕಾರವಾರದ ಹವೆಯಲ್ಲಿ ಕಬ್ಬಿಣದ ಕಿಟಕಿಯೇ ಉಳಿಯುವುದಿಲ್ಲ, ಇದರದೇನು?

ಸೆಲ್ ತೆಗೆಯಲೇಬೇಕು. ತೆಗೆದರೆ ರ‍್ಯಾಮಿನಲ್ಲಿ ಇರುವುದು ಹೋಗುತ್ತದಾ? ಹೋಗಬಾರದು. ನಾಲ್ಕು ಸೆಲ್ ಬದಲಿಸುವಷ್ಟು ಹೊತ್ತು ನೆನಪು ಹಿಡಿದಿಡಲೆಂದೇ ಒಳಗೆ ಒಂದು ಗುಂಡಿ ಸೆಲ್ ಇರುತ್ತದೆ. ಆದರೆ ಈ ಯಂತ್ರ ಎಷ್ಟು ಕೈ ದಾಟಿ ಬಂದಿದೆಯೋ, ಆ ಗುಂಡಿ ಸೆಲ್ ಯಾರು ಯಾವಾಗ ಬದಲಿಸಿದ್ದರೋ. ಅಕ್ಕನ ಮಗಳನ್ನು ಕೇಳಿದೆ. 'ಗುಂಡಿ ಸೆಲ್ಲಾ? ಅದು ಬೇರೆ ಇರ್ತಾ?' ಅಂದಳು. ಆಯಿತಲ್ಲ.

ಉಪಾಯ ಒಂದಿತ್ತು. ಈ ಕ್ಯಾಲ್ಕುಲೇಟರಿನಲ್ಲಿ ರ‍್ಯಾಮ್ ಅಲ್ಲದೆ ಫ್ಲ್ಯಾಶ್ ಮೆಮೊರಿ ಬೇರೆ ಇದೆ. ಅದಕ್ಕೆ ಆರ್ಕೈವ್ ಎನ್ನುತ್ತಾರೆ. ಅಲ್ಲಿಗೆ ಸರಿಸಿಟ್ಟದ್ದು ಬ್ಯಾಟರಿ ಸತ್ತರೂ ಉಳಿಯುತ್ತದೆ. ಮೆಮೊರಿ ಮೆನುವಿನಲ್ಲಿ ಐದನೇ ಆಯ್ಕೆ ಆರ್ಕೈವ್. ಅದಕ್ಕೆ ತಾಗಿಕೊಂಡೇ ನಾಲ್ಕನೆಯದು ಏನು ಗೊತ್ತಾ? ಎಲ್ಲ ಲಿಸ್ಟುಗಳನ್ನೂ ಅಳಿಸು. ಯಾರು ಇದನ್ನು ಹೀಗೆ ಜೋಡಿಸಿದರೋ ಅವರಿಗೆ ನಮಸ್ಕಾರ. ಮಸುಕು ಸ್ಕ್ರೀನಿನಲ್ಲಿ, ಕನ್ನಡಕ ಹಣೆಗೇರಿಸಿ, ಬೆರಳು ನಡುಗುತ್ತಾ 5 ಒತ್ತಿದೆ. ಐದೇ ಬಂತಾ ಎಂದು ಮೂರು ಸಲ ಓದಿದೆ. ಎಲ್1. ಎಂಟರ್. 'ಡನ್' ಅಂತು. ಎಲ್2. ಡನ್. ಸ್ನೇಕ್. ಡನ್. ಕ್ವಾಡ್. ಡನ್. ಸ್ಕ್ರೀನ್ ಇನ್ನಷ್ಟು ಮಸುಕಾಯಿತು. ಸಾಕು ಎಂದು ಆಫ್ ಮಾಡಿದೆ.

ಸೆಲ್ ತೆಗೆದೆ. ಕಂಬಿಯ ಮೇಲಿನ ಬಿಳಿ ಪುಡಿಗೆ ನಿಂಬೆರಸ ಮದ್ದು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿ ತಾಗಬೇಕು, ಎಂಟನೇ ತರಗತಿಗೆ ನಾನೇ ಹೇಳುವ ಪಾಠ. ಹತ್ತಿಯ ಬತ್ತಿಗೆ ಎರಡು ಹನಿ ರಸ ಮುಟ್ಟಿಸಿ ಉಜ್ಜಿದರೆ ಸಣ್ಣಗೆ ನೊರೆ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬೆಳಗಿನ ತನಕ ಹಾಗೇ ಬಿಟ್ಟೆ. ಬೆಳಿಗ್ಗೆ ಹೊಸ ಸೆಲ್ ಹಾಕಿ ಆನ್ ಮಾಡಿದೆ.

ಸ್ಕ್ರೀನಿನ ಮೇಲೆ 'ರ‍್ಯಾಮ್ ಕ್ಲಿಯರ್ಡ್'.

ಗುಂಡಿ ಸೆಲ್ ಯಾವತ್ತೋ ಸತ್ತಿತ್ತು. ಮೆಮೊರಿ ಪಟ್ಟಿ ತೆರೆದೆ. ಎಲ್1 ಇತ್ತು, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು, ಆರ್ಕೈವಿನಲ್ಲಿದೆ ಎಂಬುದಕ್ಕೆ. ಎಲ್2 ಇತ್ತು. ಸ್ನೇಕ್, ಕ್ವಾಡ್ ಇದ್ದವು. ಝಡ್ ಇರಲಿಲ್ಲ. ಅವಸರದಲ್ಲಿ ಅದೊಂದನ್ನು ಬಿಟ್ಟುಬಿಟ್ಟಿದ್ದೆ.

ಆಮೇಲೆ ಟಿಲ್‌ಪಿಯಿಂದ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಷ್ಟು ದಿನದ ಗುದ್ದಾಟಕ್ಕೆ ಕಾಫಿ ಆರುವಷ್ಟು ಹೊತ್ತೂ ಇಲ್ಲದ ಕೆಲಸ. ಆದರೆ ಬಂದ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತು. ಹೆಸರಿನ ಕೊನೆಗೆ 8ಎಕ್ಸ್‌ಎಲ್ ಎಂದಿರುತ್ತದೆ, ಅದು ಟಿಐ ಕ್ಯಾಲ್ಕುಲೇಟರಿನ ಸ್ವಂತ ಲಿಪಿ. ಟಿಐ ಕನೆಕ್ಟ್ ಇದ್ದರೆ ಅದೇ ಬಿಡಿಸಿಕೊಡುತ್ತಿತ್ತು. ಇಲ್ಲಿ ನಾನೇ ಬಿಡಿಸಬೇಕು.

ಇದೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಫೈಲಿನ ಗಾತ್ರ 949 ಬೈಟ್. ಶುರುವಿನ 74 ಬೈಟ್ ಹೆಸರು, ವಿಳಾಸ, ಎಷ್ಟು ಅಳತೆ ಇದೆ ಎಂಬ ಲೆಕ್ಕ. ಕೊನೆಯ 2 ಬೈಟ್ ತಾಳೆ ನೋಡಲು. ನಡುವೆ ಒಂದೊಂದು ಅಳತೆಗೂ 9 ಬೈಟ್, 97 ಅಳತೆಗೆ 873. ಕೂಡಿ ನೋಡಿ, ಸರಿಯಾಗುತ್ತದೆ. ಮೊದಲ 74 ಬಿಟ್ಟು, ಸಾಲಿಗೆ 9ರ ಹಾಗೆ ಬೈಟುಗಳನ್ನು ಮುದ್ರಿಸಿದೆ. ನಾನು ಅಂದುಕೊಂಡದ್ದು ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಎಲ್ಲ ಕಲಸುಮೇಲೋಗರ ಆಗಿರುತ್ತದೆ ಎಂದು. ಇಲ್ಲ! ಒಂದು ಸಾಲು ಹೀಗಿತ್ತು: 00 82 13 50, ಮುಂದೆಲ್ಲ ಸೊನ್ನೆ. ಮೊದಲ 00 ಎಂದರೆ ಕೂಡು ಚಿಹ್ನೆ. 82ರಲ್ಲಿ 80 ಕಳೆದರೆ 2, ಅಂದರೆ ಹತ್ತರ ಘಾತ ಎರಡು. ಆಮೇಲೆ ಅಂಕಿಗಳು ಹಾಗೆ ಹಾಗೇ, 1, 3, 5, 0. 1.350 ಗುಣಿಸು 100. ನೀರು 135 ಸೆಂಟಿಮೀಟರ್. ಕ್ಯಾಲ್ಕುಲೇಟರ್ ನಮ್ಮ ಹಾಗೇ ಹತ್ತರ ಲೆಕ್ಕದಲ್ಲಿ ಅಂಕಿ ಬರೆದಿಟ್ಟುಕೊಳ್ಳುತ್ತದೆ, ಒಂದು ಸಂಖ್ಯೆಗೆ 14 ಅಂಕಿ. ಯಾವ ಪ್ರೋಗ್ರಾಮೂ ಬೇಡ, ಕಣ್ಣಲ್ಲೇ ಓದಬಹುದು.

ಓದುತ್ತಾ ಹೋದೆ. ಮಧ್ಯಾಹ್ನದ ಭರ್ತಿ, ಸಂಜೆಯ ಸುಕ್ತಿ, ರಾತ್ರಿಯ ಭರ್ತಿ. ಆಮೇಲೆ ಇಳಿತ. 43ನೇ ಸಾಲು 00 81 96, ಅಂದರೆ 96. 45ನೇ ಸಾಲು 00 81 68, ಅಂದರೆ 68. ನಡುವಿನ 44ನೇ ಸಾಲು 00 82 81 10.

811 ಸೆಂಟಿಮೀಟರ್. ಎಂಟು ಮೀಟರ್ ನೀರು. ಕೋಡಿಬಾಗದ ಮನೆಗಳ ಮಾಡು ಮುಳುಗುವಷ್ಟು.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಶುರುಮಾಡಿದ್ದರಿಂದ 44ನೇ ಅಳತೆ ಅಂದರೆ ಮರುದಿನ ಬೆಳಗಿನ ಜಾವ ಮೂರೂವರೆ. 81 ಒತ್ತುವ ಬದಲು ಇನ್ನೊಂದು 1 ಒತ್ತಿಹೋಗಿದೆ. ಸಮುದ್ರ ಮಲಗಿದ್ದು ಅದಕ್ಕೇ. ಝೂಮ್‌ಸ್ಟ್ಯಾಟ್ ಎಂಬ ಆಯ್ಕೆಯಲ್ಲಿ ಕ್ಯಾಲ್ಕುಲೇಟರ್ ಅತಿ ದೊಡ್ಡ ಸಂಖ್ಯೆಗೂ ಜಾಗ ಸಿಗುವಂತೆ ಗ್ರಾಫನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎಂಟು ಮೀಟರಿಗೆ ಜಾಗ ಬಿಟ್ಟು, ನಮ್ಮ ನಿಜವಾದ ಭರ್ತಿಯನ್ನೆಲ್ಲ ತಳಕ್ಕೆ ಒತ್ತಿಬಿಟ್ಟಿತ್ತು. ಆವತ್ತು ದಂಡೆಯಲ್ಲಿ ಗ್ರಾಫ್ ನೋಡುವಾಗ ಮೇಲೆ ಒಂದೇ ಒಂದು ಚುಕ್ಕಿ ಇದ್ದದ್ದು ಈಗ ನೆನಪಾಯಿತು. ಬೆರಳಿನಲ್ಲಿ ಒರೆಸಿದ್ದೆ ಕೂಡ. ಸ್ಕ್ರೀನಿನ ಮೇಲಿನ ಧೂಳು ಎಂದು.

ಎಲ್ಲ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಲು ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದೆ. ಆದರೆ ನಾನು ಬರೆದದ್ದು ಸರಿ ಇದೆಯಾ ಎಂದು ತಾಳೆ ನೋಡಬೇಕಲ್ಲ. ಹೆಂಡತಿ ಕ್ಯಾಲ್ಕುಲೇಟರ್ ಹಿಡಿದು ಒಂದೊಂದೇ ಅಂಕಿ ಓದಿದಳು, ನಾನು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿದೆ. ತೊಂಬತ್ತೇಳೂ ಮುಗಿಯಿತು. ಅವಳು ಗೋಡೆಯ ಗಡಿಯಾರ ನೋಡಿದಳು. 'ಇಪ್ಪತ್ತೈದು ನಿಮಿಷ' ಅಂದಳು.

ಸೋಮವಾರ ಅಂದದ್ದು ಗುರುವಾರ ಆಯಿತು. ಪ್ರೊಜೆಕ್ಟರಿನಲ್ಲಿ ಮೊದಲು ಮಲಗಿದ ಸಮುದ್ರ ತೋರಿಸಿದೆ. ಟಿಲ್‌ಪಿ ಕ್ಯಾಲ್ಕುಲೇಟರಿನ ಸ್ಕ್ರೀನಿನ ಫೋಟೋವನ್ನೂ ತೆಗೆದುಕೊಡುತ್ತದೆ. ಗೋಡೆಯಷ್ಟು ದೊಡ್ಡದು ಮಾಡಿದಾಗ ಮೇಲಿನ ಒಂಟಿ ಚುಕ್ಕಿ ಅಂಗೈಯಷ್ಟಾಗಿ ಕಂಡಿತು. ಮೂರೂವರೆಗೆ ಯಾರ ಪಾಳಿ ಇತ್ತು ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಒಂದು ತಲೆ ತಗ್ಗಿತು. 'ನಿದ್ದೆ ಬಂದಿತ್ತು ಸರ್.' ಬರದೆ ಇರುತ್ತದಾ.

811 ತೆಗೆದು 81 ಹಾಕಿ, ಕ್ಯಾಲ್ಕುಲೇಟರಿಗೇ ಸೈನ್ ಅಲೆ ಹೊಂದಿಸಲು ಹೇಳಿದೆ. ಅಲೆ ಎದ್ದು ನಿಂತಿತು. ಒಂದು ಭರ್ತಿಯಿಂದ ಮುಂದಿನ ಭರ್ತಿಗೆ ಹನ್ನೆರಡೂವರೆ ಗಂಟೆಯ ಹತ್ತಿರ ಬಂತು. ಚಂದ್ರನ ಲೆಕ್ಕದಲ್ಲಿ ಅದು 12 ಗಂಟೆ 25 ನಿಮಿಷ ಇರಬೇಕು, ಅದಕ್ಕೇ ಭರ್ತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬಿದಿರಿನ ಕೋಲಿಗೆ ಇಷ್ಟು ಸಾಕು ಅನಿಸಿತು. ಆದರೆ ಒಂದು ಕಡೆ ಗೆರೆ ಕೂಡುತ್ತಲೇ ಇರಲಿಲ್ಲ. ಒಂದು ಭರ್ತಿಯ ತಲೆ ಗೆರೆಗಿಂತ ಮೇಲೆ, ಮುಂದಿನದರದು ಕೆಳಗೆ, ಮತ್ತೆ ಮೇಲೆ. ಇನ್ನೂ ಯಾವುದೋ ಅಂಕಿ ತಪ್ಪಿದೆ ಎಂದು ಹುಡುಗರು ಹುಡುಕತೊಡಗಿದರು.

ಆವತ್ತು ಆ ಮೀನುಗಾರ ಅಪ್ಪನೂ ಬಂದಿದ್ದರು, ಬಾಗಿಲ ಹತ್ತಿರ ನಿಂತಿದ್ದರು. 'ಏನೂ ತಪ್ಪಿಲ್ಲ ಸರ್' ಅಂದರು. 'ದಿನದ ಎರಡು ಭರ್ತಿ ಯಾವಾಗ ಒಂದೇ ಸಮ ಇತ್ತು? ಒಂದು ದೊಡ್ಡದು, ಒಂದು ಸಣ್ಣದು. ದೋಣಿ ಇಳಿಸೋರಿಗೆ ಗೊತ್ತಿರ್ತದೆ.'

ನಮ್ಮ ಕರಾವಳಿಯ ಉಬ್ಬರವಿಳಿತ ಮಿಶ್ರ ಜಾತಿಯದು, ದಿನಕ್ಕೆರಡು ಬಂದರೂ ಎರಡರ ಎತ್ತರ ಒಂದೇ ಅಲ್ಲ. ಪುಸ್ತಕದಲ್ಲಿ ಓದಿದ್ದೆ, ಪಾಠ ಮಾಡುವಾಗ ಬಿಟ್ಟಿದ್ದೆ. ಒಂದೇ ಸೈನ್ ಅಲೆಗೆ ಅದು ಸಿಗುವುದಿಲ್ಲ, ಇನ್ನೊಂದು ಅಲೆ ಕೂಡಿಸಬೇಕು. ಅದು ಮುಂದಿನ ಹುಣ್ಣಿಮೆಗೆ.

ಆಟದ ಫೈಲ್ ಅಕ್ಕನ ಮಗಳಿಗೆ ಕಳಿಸಿದೆ. ಝಡ್ ಕಳೆದುಹೋದದ್ದನ್ನೂ ಹೇಳಿದೆ, ಬೈಸಿಕೊಳ್ಳಲು ತಯಾರಾಗಿಯೇ ಹೇಳಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. 'ಅಯ್ಯೋ ಮಾವಾ, ಅದು ಬರೀ ಟೆಸ್ಟಿಗೆ ಬರೆದಿದ್ದು. ಎಂಟರ್ ಒತ್ತಿದ್ರೆ ಹಲೋ ಅಂತಿತ್ತು, ಅಷ್ಟೇ.'

ಕ್ಯಾಮೆರಾದ ಕೇಬಲ್ ಈಗ ಕ್ಯಾಲ್ಕುಲೇಟರಿನ ಜೊತೆಗೇ ಡಬ್ಬಿಯಲ್ಲಿದೆ, ಕೆಂಪು ದಾರ ಕಟ್ಟಿದ್ದೇನೆ. ಕತ್ತರಿಸಿದ ಕೇಬಲನ್ನೂ ಎಸೆದಿಲ್ಲ. ಅದರ ಸುಲಿದ ತುದಿಯನ್ನು ಹುಡುಗರಿಗೆ ತೋರಿಸಬೇಕು.